ಇಬ್ಬಿಬ್ಬರಾಗಿ ಹೊರಟವರು ಎಲ್ಲಿಗೆ ಹೋಗುತ್ತಾರೆ?

ಪ್ರಭು ಯೇಸು ಎಪ್ಪತ್ತೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳುಹಿಸಿದ ಪ್ರಸಂಗವನ್ನು ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ. ಮಿಷನ್ ಭಾನುವಾರ ಹತ್ತಿರವಾದಂತೆ ಈ ವಾಚನ ನೆನಪಿಗೆ ಬರುವುದು ಸಹಜ. ಆಗ ಪ್ರಭು ಕೊಟ್ಟ ಸೂಚನೆಗಳಲ್ಲಿ ನಮ್ಮ ಪ್ರಬೋಧನೆಗಳಲ್ಲಿ ಅಷ್ಟಾಗಿ ಕೇಳಿಬಾರದ ಒಂದು ಸೂಚನೆಯೂ ಇದೆ. ಬರಮಾಡಿಕೊಳ್ಳದ ಊರಿನ ಧೂಳನ್ನು ಕಾಲಿನಿಂದ ಒರೆಸಿಹಾಕಿ ಮುಂದಕ್ಕೆ ಹೋಗಿರಿ ಎಂಬುದೇ ಅದು. ಪೌಲ ಬಾರ್ನಬರು ಪಿಸಿದಿಯದ ಅಂತಿಯೋಕ್ಯದಲ್ಲಿ ಹಾಗೆಯೇ ಮಾಡಿ ಇಕೋನಿಯಕ್ಕೆ ನಡೆದರು. ಆದರೆ ಅದೇ ಲೂಕರ ಹದಿಮೂರನೆಯ ಅಧ್ಯಾಯಕ್ಕೆ ಬಂದರೆ, ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಗೊಬ್ಬರ ಹಾಕಿ ನೋಡೋಣವೆಂದು ತೋಟಗಾರ ಬೇಡಿಕೊಳ್ಳುತ್ತಾನೆ. ಹಾಗಾದರೆ ಸುವಾರ್ತೆ ಸಾರುವವರು ಒಂದು ಊರಿನಲ್ಲಿ ಎಷ್ಟು ಕಾಲ ಕಾಯಬೇಕು? ಎಂದು ಹೊರಡಬೇಕು? ಹೊರಟುಹೋದ ಮೇಲೆ, ಅಲ್ಲಿ ಆಗಲೇ ನಂಬಿ ಸೇರಿದ ನಾಲ್ಕು ಮನೆಯವರ ಗತಿಯೇನು?

ಈ ಪ್ರಶ್ನೆಯನ್ನು ನಕಾಶೆಯ ಮೇಲೆ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿ ಎದುರಿಸಿದ ಒಂದು ಸಮುದಾಯವಿದೆ. ಅವರು ಅಮೆರಿಕದ ಸಾಲ್ಟ್ ಲೇಕ್ ನಗರವನ್ನು ಕೇಂದ್ರವಾಗಿಸಿಕೊಂಡಿರುವ ಮಾರ್ಮನರು. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಯುವಕ ಸ್ಥಾಪಿಸಿದ ಈ ಸಭೆಯ ಪೂರ್ಣ ಹೆಸರು 'ಯೇಸು ಕ್ರಿಸ್ತರ ಅಂತ್ಯಕಾಲದ ಸಂತರ ಸಭೆ'. ಪೂರ್ಣ ಹೆಸರನ್ನೇ ಬಳಸಬೇಕೆಂದು ಅವರ ಮುಖ್ಯಸ್ಥರು 2018ರಲ್ಲಿ ಕೇಳಿಕೊಂಡರು. ಓದುಗರಿಗೆ ಪರಿಚಿತವೆಂಬ ಕಾರಣಕ್ಕೆ ಮಾತ್ರ ನಾವಿಲ್ಲಿ ಹಳೆಯ ಹೆಸರನ್ನು ಉಳಿಸಿಕೊಂಡಿದ್ದೇವೆ. ಅವರ ಬೋಧನೆಗೂ ನಮ್ಮ ವಿಶ್ವಾಸಕ್ಕೂ ಅಂತರ ದೊಡ್ಡದು. ಪಿತ, ಸುತ, ಪವಿತ್ರಾತ್ಮರ ಹೆಸರನ್ನೇ ಉಚ್ಚರಿಸಿದರೂ ಆ ಹೆಸರುಗಳಿಗೆ ಅವರು ಕೊಡುವ ಅರ್ಥ ಬೇರೆಯಾದ ಕಾರಣ, ಅವರ ಜ್ಞಾನಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ 2001ರ ಜೂನ್ ತಿಂಗಳಲ್ಲಿ ತೀರ್ಮಾನಿಸಿತು. ಹಾಗೆಂದು ಮಾತುಕತೆಯ ಬಾಗಿಲು ಮುಚ್ಚಿಲ್ಲ. 2019ರ ಮಾರ್ಚ್ 9ರಂದು ಅಂದಿನ ಪೋಪ್ ಫ್ರಾನ್ಸಿಸ್‌ರವರು ಅವರ ಮುಖ್ಯಸ್ಥ ರಸೆಲ್ ನೆಲ್ಸನ್‌ರನ್ನು ವ್ಯಾಟಿಕನ್ನಿನಲ್ಲಿ ಬರಮಾಡಿಕೊಂಡರು. ತತ್ವದ ಚರ್ಚೆ ಬೇರೆಯೇ ಲೇಖನಕ್ಕೆ ಇರಲಿ. ಇಲ್ಲಿ ನಾವು ನೋಡಹೊರಟಿರುವುದು ಅವರ ಪ್ರಚಾರಕರು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಏಕೆ ಸರಿಯುತ್ತಾರೆ ಎಂಬುದನ್ನು.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಹುಡುಗರು ಎರಡು ವರ್ಷ, ಹುಡುಗಿಯರು ಹದಿನೆಂಟು ತಿಂಗಳು ಓದು ಉದ್ಯೋಗಗಳನ್ನು ಬದಿಗಿಟ್ಟು ಸಂಬಳವಿಲ್ಲದೆ ಸೇವೆ ಮಾಡುತ್ತಾರೆ. ಖರ್ಚಿನ ಬಹುಪಾಲನ್ನು ತಾವೋ ಮನೆಯವರೋ ಭರಿಸಬೇಕು. ಬಡ ದೇಶಗಳ ಮಕ್ಕಳಿಗೆ ಸಭೆಯಿಂದ ನೆರವಿದೆ. ಎಲ್ಲಿಗೆ ಹೋಗಬೇಕೆಂಬ ಆಯ್ಕೆ ಅವರದಲ್ಲ. ಅರ್ಜಿ ಹಾಕಿದವರ ಭಾವಚಿತ್ರ, ವಿವರಗಳನ್ನು ಮುಂದಿಟ್ಟುಕೊಂಡು, ಅವರು ಪ್ರೇಷಿತರೆಂದು ಕರೆಯುವ ಹನ್ನೆರಡು ಮಂದಿಯಲ್ಲಿ ಒಬ್ಬರು ಪ್ರಾರ್ಥಿಸಿ ಸ್ಥಳ ಗೊತ್ತುಮಾಡುತ್ತಾರೆ. ಸ್ಥಳವೆಂದರೆ ಒಂದು 'ಮಿಷನ್', ಅಂದರೆ ಮೂರು ವರ್ಷದ ಅವಧಿಗೆ ನೇಮಕವಾದ ಒಬ್ಬ ಅಧ್ಯಕ್ಷನ ಕೈಕೆಳಗಿನ ಪ್ರದೇಶ. ಸದಸ್ಯರು ಹೆಚ್ಚಿ ಊರವರೇ ನಡೆಸಿಕೊಳ್ಳುವ ಸ್ಥಿತಿಗೆ ಬಂದಾಗ ಅಲ್ಲಿ 'ಸ್ಟೇಕ್' ಏಳುತ್ತದೆ. ನಮ್ಮ ಧರ್ಮಪ್ರಾಂತ್ಯದ ಸಣ್ಣ ರೂಪವೆನ್ನಬಹುದು. ಸ್ಟೇಕ್ ಎಂದರೆ ಗೂಟ. ಯೆಶಾಯ ಪ್ರವಾದಿಯ ಗ್ರಂಥದಲ್ಲಿ ಬರುವ ಗುಡಾರದ ಚಿತ್ರದಿಂದ ಎತ್ತಿಕೊಂಡ ಮಾತು. ಮಿಷನ್‌ಗಳನ್ನು ಸಾಲ್ಟ್ ಲೇಕ್‌ನಿಂದಲೇ ತೆರೆಯಬಹುದು, ಒಡೆಯಬಹುದು, ಪಕ್ಕದ್ದಕ್ಕೆ ಸೇರಿಸಬಹುದು. ಗುರುವನ್ನು ತಯಾರು ಮಾಡಲು ನಮಗೆ ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಅವರಿಗಾದರೋ ಕೆಲವೇ ವಾರಗಳ ತರಬೇತಿ ಪಡೆದ ಹದಿಹರೆಯದವರು. ಅದಕ್ಕೇ ಗಾಳಿ ಬೀಸಿದ ಕಡೆಗೆ ಹಾಯಿ ತಿರುಗಿಸುವುದು ಅವರಿಗೆ ಸುಲಭ.

ಮೊದಲ ಗಾಳಿ ಬೀಸಿದ್ದು ಇಂಗ್ಲೆಂಡಿನಲ್ಲಿ. 1837ರ ಜುಲೈಯಲ್ಲಿ ಹೀಬರ್ ಕಿಂಬಲ್ ಮುಂದಾಳುತನದ ಏಳು ಮಂದಿಯ ತಂಡ ಲಿವರ್‌ಪೂಲ್‌ನಲ್ಲಿ ಇಳಿದು, ಬಟ್ಟೆ ಗಿರಣಿಗಳ ಊರಾದ ಪ್ರೆಸ್ಟನ್‌ಗೆ ಹೋಯಿತು. ಅದೇ ತಿಂಗಳು ರಿಬಲ್ ನದಿಯಲ್ಲಿ ಮೊದಲ ಒಂಬತ್ತು ಮಂದಿಗೆ ಜ್ಞಾನಸ್ನಾನವಾಯಿತು. 1850ರ ಸುಮಾರಿಗೆ ಬ್ರಿಟನ್ನಿನಲ್ಲಿ ಮೂವತ್ತು ಸಾವಿರ ಮಾರ್ಮನರಿದ್ದರು. ಅವರ ತವರಾದ ಯೂಟಾದಲ್ಲಿ ಅದರ ಅರ್ಧವೂ ಇರಲಿಲ್ಲ. ಆದರೆ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿದಿತ್ತು. ವಿಶ್ವಾಸ ಬಿಟ್ಟವರು ಕೆಲವರಾದರೆ, ಊರನ್ನೇ ಬಿಟ್ಟವರು ಬಹಳ. ಚದುರಿದವರೆಲ್ಲ ಯೂಟಾದ 'ಸಿಯೋನ್'ನಲ್ಲಿ ಒಟ್ಟುಗೂಡಬೇಕೆಂಬ ಬೋಧನೆಗೆ ಕಿವಿಗೊಟ್ಟು ಸಾವಿರಾರು ಕುಟುಂಬಗಳು ಹಡಗು ಹತ್ತಿದವು. 1849ರಿಂದ ಅದಕ್ಕೆಂದೇ ಸಾಲನಿಧಿಯಿತ್ತು. ಇಲ್ಲಿ ಪ್ರಚಾರಕರು ಮಾತ್ರವಲ್ಲ, ಕೊಯ್ದ ಬೆಳೆಯೇ ಹೊಲ ಬಿಟ್ಟು ಹೋಯಿತು. ಉಳಿದ ಮುದುಕರು ಮಕ್ಕಳು ಬಾಡಿಗೆ ಕೊಠಡಿಗಳಲ್ಲಿ ಸೇರುವಾಗ ಏನೆಂದುಕೊಂಡಿರಬಹುದು ಎಂದು ಯೋಚಿಸದಿರಲಾರೆವು.

ಅದೇ ಕಾಲದಲ್ಲಿ ಅವರು ನಮ್ಮ ದೇಶಕ್ಕೂ ಬಂದಿದ್ದರೆಂಬುದು ಅನೇಕರಿಗೆ ಹೊಸ ಸಂಗತಿ. 1851ರಲ್ಲಿ ಕಲ್ಕತ್ತೆಯಲ್ಲಿ ಕೆಲಸ ಶುರುವಾಯಿತು. 1853ರಲ್ಲಿ ಯೂಟಾದಿಂದಲೇ ಒಂಬತ್ತು ಮಂದಿ ಕಲ್ಕತ್ತೆಗೆ ಬಂದರು. ಮದರಾಸಿನಲ್ಲೂ ಪ್ರಯತ್ನ ನಡೆಯಿತು. ಸಿಕ್ಕವರು ಬೆರಳೆಣಿಕೆಯ ಜನ, ಅವರಲ್ಲಿಯೂ ಬಹುಪಾಲು ಬ್ರಿಟಿಷ್ ಸಿಪಾಯಿಗಳು, ಯುರೋಪಿಯನ್ನರು. ಯೂಟಾದಲ್ಲಿ ಬಹುಪತ್ನಿತ್ವ ಉಂಟೆಂದು 1852ರಲ್ಲಿ ಬಹಿರಂಗವಾಗಿ ಸಾರಿದ್ದು ಅವರ ದಾರಿಗೆ ಮುಳ್ಳಾಯಿತು. 1856ರ ಹೊತ್ತಿಗೆ ಎಲ್ಲರೂ ಹಡಗು ಹತ್ತಿದ್ದರು. ಮತ್ತೆ ಭಾರತದಲ್ಲಿ ಒಂದು ಮಿಷನ್ ತೆರೆಯಲು ಸುಮಾರು ನೂರ ನಲವತ್ತು ವರ್ಷ ಬೇಕಾಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಳಿ ಲ್ಯಾಟಿನ್ ಅಮೆರಿಕದ ಕಡೆಗೆ ತಿರುಗಿತು, ಅಂದರೆ ಕಥೋಲಿಕರ ನಾಡಿಗೆ. ಅರ್ಹನಾದ ಪ್ರತಿಯೊಬ್ಬ ಯುವಕನೂ ಪ್ರಚಾರಕ್ಕೆ ಹೊರಡಬೇಕೆಂದು ಅಂದಿನ ಮುಖ್ಯಸ್ಥ ಸ್ಪೆನ್ಸರ್ ಕಿಂಬಲ್ 1974ರಲ್ಲಿ ಕರೆಕೊಟ್ಟ ಮೇಲೆ ಪ್ರಚಾರಕರ ಸಂಖ್ಯೆ ಏರುತ್ತ ಹೋಯಿತು. ಬ್ರೆಜಿಲ್, ಮೆಕ್ಸಿಕೊ, ಚಿಲಿ ದೇಶಗಳಲ್ಲಿ ಹೊಸ ಮಿಷನ್‌ಗಳು ಸಾಲುಸಾಲಾಗಿ ತೆರೆದವು. 1990ರಲ್ಲಿ ಒಂದೇ ವರ್ಷ ಪ್ರಪಂಚದಾದ್ಯಂತ 3 ಲಕ್ಷ 30 ಸಾವಿರ ಮಂದಿ ಹೊಸದಾಗಿ ಸೇರಿದರು. 1996ರಲ್ಲಿ, ಅಮೆರಿಕಕ್ಕಿಂತ ಹೊರಗಡೆಯೇ ತಮ್ಮ ಸದಸ್ಯರು ಹೆಚ್ಚಿದ್ದಾರೆಂದು ಸಭೆ ಪ್ರಕಟಿಸಿತು.

ಚಿಲಿ ದೇಶದ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ಪ್ರಚಾರಕರು ಅಲ್ಲಿಗೆ ಕಾಲಿಟ್ಟದ್ದು 1956ರಲ್ಲಿ. ಐವತ್ತು ವರ್ಷ ತುಂಬುವ ಮೊದಲೇ ಸಭೆಯ ದಾಖಲೆಯಲ್ಲಿ 5 ಲಕ್ಷಕ್ಕೂ ಮೀರಿದ ಹೆಸರುಗಳಿದ್ದವು. ಆದರೆ 2002ರ ಜನಗಣತಿಯಲ್ಲಿ ಸರ್ಕಾರದ ಗಣತಿದಾರರು ಬಂದು ನಿಮ್ಮ ಧರ್ಮ ಯಾವುದೆಂದು ಕೇಳಿದಾಗ, ಮಾರ್ಮನ್ ಎಂದು ಹೇಳಿದವರು 15 ವರ್ಷ ಮೇಲ್ಪಟ್ಟವರಲ್ಲಿ ಸುಮಾರು 1 ಲಕ್ಷ 4 ಸಾವಿರ ಮಂದಿ ಮಾತ್ರ. ಮಕ್ಕಳನ್ನು ಗಣತಿ ಬಿಟ್ಟಿತ್ತೆಂದು ಎಷ್ಟೇ ಕೂಡಿಸಿಕೊಂಡರೂ ಲೆಕ್ಕ ಹೊಂದುವುದಿಲ್ಲ. ಕೆಲವೇ ವಾರಗಳ ಪಾಠ, ಹಿಂದೆಯೇ ಜ್ಞಾನಸ್ನಾನ, ಹಿಂದೆಯೇ ಆ ಪ್ರಚಾರಕನಿಗೆ ಬೇರೆ ಊರಿಗೆ ವರ್ಗ. ಹೊಸಬನ ಕೈಹಿಡಿದು ನಡೆಸಲು ಊರಿನಲ್ಲಿ ಹಳಬರೇ ಇಲ್ಲ. ಆ 2002ರಲ್ಲೇ ಸಭೆ ಅಪರೂಪದ ಒಂದು ಕೆಲಸ ಮಾಡಿತು. ತನ್ನ ಹನ್ನೆರಡು ಮಂದಿಯಲ್ಲಿ ಜೆಫ್ರಿ ಹಾಲೆಂಡ್‌ರನ್ನು ಚಿಲಿಗೂ ಡ್ಯಾಲಿನ್ ಓಕ್ಸ್‌ರನ್ನು ಫಿಲಿಪ್ಪೀನ್ಸ್‌ಗೂ ಅಲ್ಲಿಯೇ ಮನೆಮಾಡಿಕೊಂಡಿರಲು ಕಳುಹಿಸಿತು. ಹಾಲೆಂಡ್ ಎರಡು ವರ್ಷ ಅಲ್ಲಿದ್ದರು. ಹೆಸರಿಗೆ ಮಾತ್ರವಿದ್ದ ಹತ್ತಾರು ಸ್ಟೇಕ್‌ಗಳನ್ನೂ ನೂರಾರು ಸಣ್ಣ ಘಟಕಗಳನ್ನೂ ಒಂದರಲ್ಲೊಂದು ಸೇರಿಸಲಾಯಿತು. ನೆಟ್ಟ ಗೂಟಗಳನ್ನು ಕೀಳುವುದು ಯಾರಿಗೂ ಹಿತವಲ್ಲ. ಆದರೂ ಬೆಳವಣಿಗೆಯೆಂದು ಸುಳ್ಳು ಹೇಳಿಕೊಳ್ಳುವುದಕ್ಕಿಂತ ಅದು ಪ್ರಾಮಾಣಿಕ ಕೆಲಸವೆಂದೇ ನಮ್ಮ ಅಭಿಪ್ರಾಯ.

ಇದನ್ನು ಕೇಳಿ ನಾವು ನಗುವ ಹಾಗಿಲ್ಲ. ಸಂತ ಫ್ರಾನ್ಸಿಸ್ ಜೇವಿಯರ್ ದಕ್ಷಿಣ ಭಾರತದ ಮುತ್ತಿನ ಕರಾವಳಿಯಲ್ಲಿ ಸಾವಿರಾರು ಮಂದಿಗೆ ಜ್ಞಾನಸ್ನಾನ ಕೊಟ್ಟು ಕೊಟ್ಟು ತಮ್ಮ ಕೈ ಸೋತುಹೋಗುತ್ತದೆಂದು ಬರೆದವರೇ. ಅವರೂ ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಮಲಾಕ್ಕ, ಜಪಾನ್ ಎಂದು ಸಾಗಿದರು. ಆದರೆ ಹೋಗುವ ಮುನ್ನ ಹಳ್ಳಿ ಹಳ್ಳಿಗೆ ಆ ಜನರಲ್ಲೇ ಒಬ್ಬ ಉಪದೇಶಿಯನ್ನು ನೇಮಿಸಿ, ಜಪತಪಗಳನ್ನು ತಮಿಳಿನಲ್ಲಿ ಕಲಿಸಿಟ್ಟು ಹೋದರು. ಆ ಕರಾವಳಿಯ ಪರವರು ಇಂದಿಗೂ ಕಥೋಲಿಕರಾಗಿ ಉಳಿದಿದ್ದಾರೆ.

ಚಿಲಿಗೆ ತದ್ವಿರುದ್ಧವಾದದ್ದು ಪಶ್ಚಿಮ ಆಫ್ರಿಕಾದ ಕಥೆ. 1978ರ ಜೂನ್‌ವರೆಗೆ ಕಪ್ಪು ಜನಾಂಗದ ಗಂಡಸರಿಗೆ ಮಾರ್ಮನ್ ಸಭೆಯಲ್ಲಿ ಯಾಜಕ ಪದವಿ ಇರಲಿಲ್ಲ. ಆ ಸಭೆಯ ಚರಿತ್ರೆಯಲ್ಲಿ ಅದೊಂದು ಕಪ್ಪು ಅಧ್ಯಾಯವೆಂದು ಹೇಳಲೇಬೇಕು. ಹೀಗಿದ್ದೂ ಘಾನಾದಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬುವರು ಪುಸ್ತಕಗಳನ್ನಷ್ಟೇ ಓದಿ 1964ರಿಂದ ತಾವಾಗಿಯೇ ಸಭೆಗಳನ್ನು ಕಟ್ಟತೊಡಗಿದರು. ನೈಜೀರಿಯಾದಲ್ಲಿ ಆಂಥೊನಿ ಒಬಿನ್ನ ಎಂಬ ಶಿಕ್ಷಕರೂ ಸಾಲ್ಟ್ ಲೇಕ್‌ಗೆ ಪತ್ರದ ಮೇಲೆ ಪತ್ರ ಬರೆದು ಕಾದರು. ಪ್ರಚಾರಕರಿಲ್ಲ, ಜ್ಞಾನಸ್ನಾನವಿಲ್ಲ, ಜಾನ್ಸನ್‌ರ ಜನ ಹದಿನಾಲ್ಕು ವರ್ಷ ಹಾಗೆಯೇ ಕೂಡುತ್ತಿದ್ದರು. ನಿರ್ಬಂಧ ತೆಗೆದ ಮೇಲೆ 1978ರ ನವೆಂಬರಿನಲ್ಲಿ ಅಮೆರಿಕದಿಂದ ವಯಸ್ಸಾದ ಎರಡು ದಂಪತಿಗಳು ಬಂದಿಳಿದಾಗ, ಅವರಿಗೆ ಸಿಕ್ಕಿದ್ದು ಉಳದ ಹೊಲವಲ್ಲ, ಕಾದು ನಿಂತ ಬೆಳೆ. 1989ರ ಜೂನ್‌ನಲ್ಲಿ ಘಾನಾ ಸರ್ಕಾರ ವಿದೇಶೀ ಪ್ರಚಾರಕರನ್ನು ಹೊರಹಾಕಿ ಅವರ ಆರಾಧನಾ ಮಂದಿರಗಳಿಗೆ ಬೀಗ ಜಡಿಯಿತು. ಜನ ತಮ್ಮ ತಮ್ಮ ಮನೆಗಳಲ್ಲಿ ಪ್ರಾರ್ಥಿಸಿದರು. ಹದಿನೇಳು ತಿಂಗಳ ನಂತರ, 1990ರ ನವೆಂಬರಿನಲ್ಲಿ, ಬೀಗ ತೆರೆದಾಗ ಸಭೆ ಉಳಿದಿತ್ತು. 2004ರಲ್ಲಿ ಘಾನಾದ ಆಕ್ರಾ, 2005ರಲ್ಲಿ ನೈಜೀರಿಯಾದ ಅಬಾ, 2019ರಲ್ಲಿ ಕಾಂಗೊದ ಕಿನ್ಶಾಸಾ ನಗರಗಳಲ್ಲಿ ಅವರ ದೇವಾಲಯಗಳು ಪ್ರತಿಷ್ಠೆಯಾದವು.

ಆಫ್ರಿಕಾದಲ್ಲಿ ತೆರೆಯುವಾಗ ಯುರೋಪಿನಲ್ಲಿ ಮುಚ್ಚಬೇಕಾಯಿತು. ಐರ್ಲೆಂಡಿನ ಮಿಷನ್ 2010ರಲ್ಲಿ ಸ್ಕಾಟ್ಲೆಂಡಿನದರ ಜೊತೆ ಒಂದಾಯಿತು. ಜರ್ಮನ್ ಮಾತಾಡುವ ಪ್ರದೇಶಗಳಲ್ಲೂ ಇಂಥ ವಿಲೀನಗಳಾದವು. ಇಂದು ಯುರೋಪಿನ ನಗರಗಳಲ್ಲಿ ಅವರ ಮಾತಿಗೆ ಕಿವಿಗೊಡುವವರಲ್ಲಿ ವಲಸೆ ಬಂದವರು ಬಹಳ. ನಮ್ಮವರಿಗೆ ಇದು ಅಪರಿಚಿತ ಚಿತ್ರವಲ್ಲ. ಒಂದು ಕಾಲದಲ್ಲಿ ಜರ್ಮನಿ, ಇಟಲಿಗಳಿಂದ ಮಂಗಳೂರಿಗೆ ಗುರುಗಳು ಬಂದರು. ಈಗ ನಮ್ಮ ಕರ್ನಾಟಕದ ಗುರುಗಳು ಅದೇ ದೇಶಗಳ ಧರ್ಮಕೇಂದ್ರಗಳಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾರೆ. ಕೆಲವು ಕಡೆ ಅವರನ್ನು ಹಿಂದಕ್ಕೆ ಸರಿಸಿದ್ದು ಬೆಳವಣಿಗೆಯ ಏರಿಳಿತವಲ್ಲ, ಕಾನೂನು ಮತ್ತು ಯುದ್ಧ. ಬಹಿರಂಗ ಪ್ರಚಾರಕ್ಕೆ ಕಡಿವಾಣ ಹಾಕಿದ ಕಾನೂನನ್ನು ರಷ್ಯಾ 2016ರಲ್ಲಿ ತಂದಿತು. 2022ರ ಜನವರಿಯಲ್ಲಿ, ಯುದ್ಧ ಸಿಡಿಯುವ ಮುನ್ನವೇ, ಉಕ್ರೇನಿನಿಂದ ಅವರ ಪ್ರಚಾರಕರು ಹೊರಬಂದರು.

ಹೆಚ್ಚು ಕೆಲಸಗಾರರನ್ನು ಕಳುಹಿಸಿದರೆ ಹೆಚ್ಚು ಬೆಳೆ ಬರುವುದೇ? ಇದಕ್ಕೂ ಅವರ ಬಳಿ ಉತ್ತರವಿದೆ. 2012ರ ಅಕ್ಟೋಬರಿನಲ್ಲಿ ಹೊರಡುವ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದಾಗ, ಸುಮಾರು 58 ಸಾವಿರವಿದ್ದ ಪ್ರಚಾರಕರು ಎರಡೇ ವರ್ಷದಲ್ಲಿ 85 ಸಾವಿರವಾದರು. 2013ರಲ್ಲಿ ಒಮ್ಮೆಗೇ 58 ಹೊಸ ಮಿಷನ್‌ಗಳು. ಆದರೂ 2014ರಲ್ಲಿ ಹೊಸದಾಗಿ ಸೇರಿದವರು 3 ಲಕ್ಷ ಮುಟ್ಟಲಿಲ್ಲ. 1990ರಲ್ಲಿ ಇದರ ಅರ್ಧದಷ್ಟು ಪ್ರಚಾರಕರಿದ್ದಾಗ ಇನ್ನೂ ಹೆಚ್ಚು ಜನ ಸೇರಿದ್ದರೆಂಬುದನ್ನು ಮೇಲೆ ನೋಡಿದ್ದೇವೆ. ಆ ಅಲೆ ಇಳಿದ ಮೇಲೆ 2019ರಲ್ಲಿ ಮಿಷನ್‌ಗಳು 399ಕ್ಕೆ ಇಳಿದವು. ಮರುವರ್ಷ ಕ್ಯಾಮರೂನ್, ಇಥಿಯೋಪಿಯ, ಟಾಂಜಾನಿಯಾಗಳಲ್ಲಿ ಹೊಸವು ತೆರೆದವು. ಅದೇ 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಸಾವಿರಾರು ಯುವಕ ಯುವತಿಯರು ವಿಮಾನ ಹತ್ತಿ ತಮ್ಮ ತಮ್ಮ ದೇಶಗಳಿಗೆ ಮರಳಿದರು. ಅನೇಕರು ಮನೆಯ ಕೋಣೆಯಲ್ಲಿ ಕುಳಿತು ದೂರವಾಣಿಯಲ್ಲೇ ಪಾಠ ಹೇಳಿದರು. 2024ರಲ್ಲಿ ಮಿಷನ್‌ಗಳು 450ಕ್ಕೆ ಏರಿದವು. ವರ್ಷದ ಕೊನೆಗೆ 74 ಸಾವಿರ ಪ್ರಚಾರಕರು, ಆ ವರ್ಷ ಹೊಸದಾಗಿ ಸೇರಿದವರು 3 ಲಕ್ಷ 8 ಸಾವಿರ, ಒಟ್ಟು ಸದಸ್ಯರು 1 ಕೋಟಿ 75 ಲಕ್ಷ. ಈ ಕೋಟಿಯಲ್ಲಿ ಭಾನುವಾರ ಬಂದು ಕೂಡುವವರೆಷ್ಟು ಎಂಬ ಲೆಕ್ಕವನ್ನು ಸಭೆ ಪ್ರಕಟಿಸುವುದಿಲ್ಲ. ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕವನ್ನೂ ಭಾನುವಾರದ ಬೆಂಚುಗಳನ್ನೂ ಹೋಲಿಸಿ ನೋಡುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ?

ಕೊನೆಗೆ ನಮ್ಮ ಊರಿಗೆ ಬರೋಣ. 1993ರ ಜನವರಿಯಲ್ಲಿ, ಅಲ್ಲಿಯವರೆಗೆ ಸಿಂಗಪುರದ ಕೈಕೆಳಗಿದ್ದ ಭಾರತಕ್ಕೆ ಬೆಂಗಳೂರನ್ನು ಕೇಂದ್ರವಾಗಿಟ್ಟು ಪ್ರತ್ಯೇಕ ಮಿಷನ್ ತೆರೆಯಿತು. 2007ರಲ್ಲಿ ದೆಹಲಿಯಲ್ಲಿ ಎರಡನೆಯದು. ಭಾರತದ ಮೊದಲ ಸ್ಟೇಕ್ ಮಾತ್ರ 2012ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಎದ್ದಿತು, ಏಕೆಂದರೆ ತೆಲುಗು ನಾಡಿನಲ್ಲಿ ಅವರ ಕುಟುಂಬಗಳು ಹೆಚ್ಚು. 2018ರ ಏಪ್ರಿಲ್‌ನಲ್ಲಿ ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿನಲ್ಲಿ ಎಂದು ನೆಲ್ಸನ್ ಸಾರಿದರು. 2020ರ ಡಿಸೆಂಬರಿನಲ್ಲಿ ಕಟ್ಟಡದ ಕೆಲಸಕ್ಕೆ ಗುದ್ದಲಿ ಬಿತ್ತು. 1853ರಲ್ಲಿ ಬಂದವರು ಹೊರದೇಶದವರು. ಈಗ ಇಲ್ಲಿ ಈ ಸೇವೆಗೆ ಹೊರಟವರಲ್ಲಿ ನಮ್ಮ ದೇಶದ ಮಕ್ಕಳೇ ಹೆಚ್ಚು.

ಹೆಸರಿನ ಪಟ್ಟಿ ಧರಿಸಿದ ಅಂಥ ಇಬ್ಬರು ಎಂದಾದರೂ ನಿಮ್ಮ ಮನೆಗೆ ಬಂದರೆ ನಿಮ್ಮ ವಿಶ್ವಾಸವನ್ನು ಅಂಜಿಕೆಯಿಲ್ಲದೆ ಹೇಳಿರಿ, ಅವರ ಮಾತನ್ನೂ ಕೇಳಿರಿ, ಸಂಶಯ ಬಂದದ್ದನ್ನು ಗುರುಗಳ ಬಳಿ ವಿಚಾರಿಸಿರಿ. ಕಾಫಿ, ಚಹಾ ಅವರಿಗೆ ನಿಷಿದ್ಧ. ನಿಂಬೆ ಪಾನಕವಾದರೆ ಸಂತೋಷದಿಂದ ಕುಡಿಯುತ್ತಾರೆ. ತಾಯ್ತಂದೆಯರ ಜೊತೆ ವರ್ಷಕ್ಕೆ ಎರಡೇ ಸಾರಿ ಮಾತಾಡಬಹುದೆಂಬ ಅವರ ಹಳೆಯ ಕಟ್ಟಳೆ 2019ರ ಫೆಬ್ರವರಿಯಲ್ಲಿ ಸಡಿಲವಾಗಿ, ವಾರಕ್ಕೊಮ್ಮೆ ಮಾತಾಡಲು ಅನುಮತಿ ಸಿಕ್ಕಿದೆ. ಈ ವಾರ ಮನೆಗೆ ಫೋನ್ ಮಾಡಿದಿರಾ ಎಂದು ಕೇಳಿ ನೋಡಿರಿ.