ಹೆರಿಗೆ ಬೇನೆಯಲ್ಲಿ ಮಲಗಬೇಕಾ, ಅಡ್ಡಾಡಬೇಕಾ?

ಈ ವಾರದ ಮಾತು ಸಾಫ್ಟ್‌ವೇರ್ ಬಗ್ಗೆ ಅಲ್ಲ. ನಾನು ಡಾಕ್ಟರ್ ಅಲ್ಲ, ಪುಣೆಯಲ್ಲಿ ಕೆಲಸ ಮಾಡುವ ಎಂಜಿನಿಯರ್. ಆದರೆ ಎರಡು ವರ್ಷದ ಹಿಂದೆ ಹೆಂಡತಿಯ ಹೆರಿಗೆಯಲ್ಲಿ ರಾತ್ರಿಪೂರ್ತಿ ಪಕ್ಕದಲ್ಲಿದ್ದೆ. ಆಗಲೇ ಗೊತ್ತಿರಬೇಕಿತ್ತು ಅನ್ನಿಸಿದ್ದನ್ನ ಇವತ್ತು ಹೇಳ್ತೀನಿ.

ಬೇನೆ ಶುರುವಾಗಿ ಆರು ತಾಸಾಗಿತ್ತು. ವಾರ್ಡಿನಲ್ಲಿ "ಮಲಗೇ ಇರಿ, ಏಳಬೇಡಿ" ಅಂದಿದ್ದರು. ಅಂಗಾತ ಮಲಗಿದ್ದವಳಿಗೆ ತಡೆಯಲಾರದ ಬೆನ್ನುನೋವು. ಧಾರವಾಡದಿಂದ ಬಂದಿದ್ದ ಅತ್ತೆ ಮಾತ್ರ, "ಮಲ್ಕೊಂಡ್ರ ಕೂಸು ಹ್ಯಾಂಗ ಇಳೀತೈತಿ? ಎದ್ದು ಅಡ್ಡಾಡವಾ" ಅಂತಿದ್ರು. ನಾನು ಅವರನ್ನೇ ಸುಮ್ಮನಿರಿಸಿದೆ. ರಾತ್ರಿ ಡ್ಯೂಟಿಗೆ ಬಂದ ಹಿರಿಯ ಸಿಸ್ಟರ್ ಮಗುವಿನ ಹೃದಯಬಡಿತ ನೋಡಿ, ಎಲ್ಲ ಸರಿ ಇದೆ ಅಂತ ಅವಳನ್ನ ಎಬ್ಬಿಸಿ ನಿಲ್ಲಿಸಿದರು. ಅತ್ತೆ ಹೇಳಿದ್ದೂ ಅದನ್ನೇ.

ಯಾಕೆ ಅಂತ ಆಮೇಲೆ ಓದಿದೆ. ಸೊಂಟದ ಎಲುಬಿನ ದಾರಿ ಮೇಲಿಂದ ಕೆಳಗೆ ಒಂದೇ ಆಕಾರ ಇರೋದಿಲ್ಲ. ಮೇಲಿನ ಬಾಯಿ ಅಡ್ಡಕ್ಕೆ ಸುಮಾರು 13 ಸೆಂ.ಮೀ., ಹಿಂದೆ-ಮುಂದೆ ಸುಮಾರು 11. ಕೆಳಗಿನ ಬಾಯಿ ಇದಕ್ಕೆ ಉಲ್ಟಾ, ಅಲ್ಲಿ ಹಿಂದೆ-ಮುಂದೆ ಜಾಗ ಹೆಚ್ಚು. ಹಾಗಾಗಿ ಮಗು ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿ ಒಳಗೆ ಇಳಿದು, ಆಮೇಲೆ ತಿರುಗಬೇಕು. ಗದ್ದ ಎದೆಗೆ ಒತ್ತಿಕೊಂಡರೆ ತಲೆಯ ಅಳತೆ ಸುಮಾರು 9.5 ಸೆಂ.ಮೀ.ಗೆ ಇಳಿಯುತ್ತೆ. ಮನೆ ಬದಲಾಯಿಸುವಾಗ ಸೋಫಾವನ್ನ ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿ ದಾಟಿಸ್ತೀವಲ್ಲ, ಹಾಗೆ.

ಬಸುರಿನಲ್ಲಿ ಈ ಎಲುಬುಗಳ ಕೀಲುಗಳು ಸ್ವಲ್ಪ ಸಡಿಲವಾಗಿರುತ್ತವೆ. ಅಂಗಾತ ಮಲಗಿದರೆ ಮೈಭಾರ ಬಿದ್ದು ಬಾಲಮೂಳೆಗೆ ಹಿಂದೆ ಸರಿಯಲು ಜಾಗ ಸಿಗಲ್ಲ. ಗರ್ಭದ ಭಾರ ದೊಡ್ಡ ರಕ್ತನಾಳಗಳ ಮೇಲೂ ಬೀಳುತ್ತೆ.

ಹಾಗಾದರೆ ಏನು ಮಾಡಬಹುದು? ಮೊದಲ ಹಂತದಲ್ಲಿ ನಡೆದಾಡುವುದು, ಬೇನೆ ಬಂದಾಗ ಗೋಡೆಗೋ ಗಂಡನ ಹೆಗಲಿಗೋ ಒರಗಿ ಸೊಂಟ ಆಡಿಸುವುದು. ಬೆನ್ನುನೋವು ಜಾಸ್ತಿ ಇದ್ದರೆ ಮಂಡಿ-ಕೈ ಊರಿ ಇರುವುದು. ಸುಸ್ತಾದರೆ ಎಡಮಗ್ಗುಲಿಗೆ ಮಲಗಿ ಕಾಲುಗಳ ನಡುವೆ ದಿಂಬು. ಕೊನೆಗೆ, ಹಿಡಿದುಕೊಳ್ಳಲು ಯಾರಾದರೂ ಇದ್ದರೆ, ಕುಕ್ಕರಗಾಲಲ್ಲಿ ಕೂರುವುದು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಬೇಕಿಲ್ಲ.

ಇದು ಬರೀ ಅಜ್ಜಿಯರ ಮಾತಲ್ಲ. ಐದು ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳನ್ನು ಒಟ್ಟು ಮಾಡಿದ 2013ರ ಕಾಕ್ರೇನ್ ವಿಮರ್ಶೆಯಲ್ಲಿ, ನಿಂತು, ನಡೆದಾಡಿ ಇದ್ದವರಿಗೆ ಮೊದಲ ಹಂತ ಸರಾಸರಿ 1 ಗಂಟೆ 22 ನಿಮಿಷ ಕಡಿಮೆಯಾಗಿತ್ತು. ತೊಂದರೆ ಇಲ್ಲದ ಹೆರಿಗೆಯಲ್ಲಿ ಓಡಾಟಕ್ಕೆ ಪ್ರೋತ್ಸಾಹ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಆದರೆ ಎಪಿಡ್ಯೂರಲ್ ತಗೊಂಡವರ ಲೆಕ್ಕ ಬೇರೆ. 2017ರ ಬ್ರಿಟನ್ ಅಧ್ಯಯನದಲ್ಲಿ, ಕೊನೆಯ ಹಂತದಲ್ಲಿ ಮಗ್ಗುಲಾಗಿ ಮಲಗಿದ್ದ ಚೊಚ್ಚಲ ಬಾಣಂತಿಯರಲ್ಲಿ ಸಹಜ ಹೆರಿಗೆ ಹೆಚ್ಚಾಗಿ ಆಗಿತ್ತು: ಶೇ 41, ಉಳಿದವರಲ್ಲಿ ಶೇ 35.

ಒಂದು ಎಚ್ಚರಿಕೆ. ರಕ್ತಸ್ರಾವ, ಮಗುವಿನ ಹೃದಯಬಡಿತದಲ್ಲಿ ಏರುಪೇರು, ತಲೆ ಕೆಳಗೆ ಇಳಿಯುವ ಮೊದಲೇ ನೀರು ಹೋಗುವುದು, ಹೆಚ್ಚು ಬಿಪಿ, ಇವಿದ್ದಾಗ ಡಾಕ್ಟರ್ ಮಾತೇ ಅಂತಿಮ. ಸಿಸೇರಿಯನ್ ಆದರೆ ಅದು ಯಾರ ಸೋಲೂ ಅಲ್ಲ.

ದಿನ ತುಂಬುವ ಮೊದಲೇ ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಿಡಿ: ಬೇನೆಯಲ್ಲಿ ನಡೆದಾಡಲು ಬಿಡ್ತೀರಾ? ಜೊತೆಗೆ ಒಬ್ಬರು ಇರಬಹುದಾ? ಹೆರುವ ಭಂಗಿ ಅವಳೇ ಆರಿಸಬಹುದಾ? ನಾನು ಇದ್ಯಾವುದನ್ನೂ ಕೇಳಿರಲಿಲ್ಲ.

ಎದ್ದ ಮೇಲೆ ಅವಳ ಬೆನ್ನುನೋವು ಇಳಿಯಿತು, ಬೆಳಗಿನ ಜಾವ ಮಗಳು ಹುಟ್ಟಿದಳು. ಎದ್ದಿದ್ದಕ್ಕೇ ಹಾಗಾಯ್ತು ಅಂತ ಒಂದೇ ಹೆರಿಗೆ ನೋಡಿ ಹೇಳಲಾಗಲ್ಲ. ಆದರೆ ಅತ್ತೆಗೆ ತಪ್ಪಾಯ್ತು ಅಂದೆ. "ಇರ್ಲಿ ಬಿಡ್ರಿ ಅಳಿಯಂದ್ರ, ಮುಂದ ನಾಕ್ ಮಂದಿಗೆ ಹೇಳ್ರಿ" ಅಂದ್ರು. ಅದಕ್ಕೇ ಹೇಳಿದೆ. ಮುಂದಿನ ವಾರ ಸಿಗೋಣ.