ಆಟಗಾರನೂ ಪ್ರಜಾಧರ್ಮವೂ

ಆಟಗಾರನು ಆಡಿದರೆ ಸಾಕು, ಸಮಾಜದ ವಿಷಯ ಅವನಿಗೇಕೆ ಎಂಬ ವಾದವು ಆಗಾಗ ಕೇಳಿಬರುತ್ತದೆ. ಅದರ ಬಲಾಬಲವನ್ನು ತೂಗಿನೋಡಲು ಪಾಳವಣಕರ ಸೋದರರ ಚರಿತ್ರೆಯು ತಕ್ಕ ನಿದರ್ಶನ.

1876ರಲ್ಲಿ ಧಾರವಾಡದಲ್ಲಿ ಜನಿಸಿದ ಬಾಳೂ ಅವರು ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದ ಚರ್ಮಕಾರ ಸಮುದಾಯದವರು. ಪುಣೆಯಲ್ಲಿ ಮೈದಾನದ ಕೂಲಿಯಾಗಿದ್ದುಕೊಂಡೇ ಎಡಗೈ ಸ್ಪಿನ್ ಬೌಲಿಂಗನ್ನು ಸಾಧಿಸಿದರು. ಅಲ್ಲಿ ಅವರೊಡನೆ ಆಡಿದವರೇ ಚಹಾದ ವೇಳೆಗೆ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಕೊಡಿಸುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕು ವಿಕೆಟ್ ಗಳಿಸಿದರೂ, ಮತಾನುಸಾರ ತಂಡಗಳು ಸೆಣಸುತ್ತಿದ್ದ ಮುಂಬಯಿಯ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕರಾಗಿ ಅವರು ನೇಮಕಗೊಳ್ಳಲಿಲ್ಲ.

1920ರಲ್ಲಿ ತಮ್ಮಂದಿರಾದ ವಿಠ್ಠಲ, ಶಿವರಾಮರು ಜಾತಿಭೇದವನ್ನು ಪ್ರತಿಭಟಿಸಿ ಬಹಿರಂಗ ಹೇಳಿಕೆಯಿತ್ತು ತಂಡದಿಂದ ಹೊರಗುಳಿದರು. 1923ರಲ್ಲಿ ವಿಠ್ಠಲರೇ ನಾಯಕರಾದರು. ಅನ್ಯಾಯವು ಮೈದಾನದೊಳಗೇ ಇದ್ದಾಗ ಮೌನವು ಅದಕ್ಕೆ ಸಮ್ಮತಿಯಾಗುತ್ತಿತ್ತು.

ಆದರೆ ಆಟದ ಕೀರ್ತಿಯೊಂದರಿಂದಲೇ ಮಾತಿಗೆ ಪ್ರಾಮಾಣ್ಯವು ಒದಗದು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಬಾಳೂ ಅವರು ಡಾ. ಅಂಬೇಡಕರರೆದುರು ನಿಂತು ಸೋತರು. ಆಟಗಾರನ ವಾಕ್‌ಸ್ವಾತಂತ್ರ್ಯವು ಪ್ರಜೆಯಾಗಿ ಅವನಿಗೆ ಸಲ್ಲುವಂಥದು. ಅವನ ಅಭಿಪ್ರಾಯವನ್ನು ಇತರ ಪ್ರಜೆಗಳ ಅಭಿಪ್ರಾಯದಂತೆಯೇ ಒರೆಗೆ ಹಚ್ಚಿ ನೋಡುವ ಸ್ವಾತಂತ್ರ್ಯವೂ ಕೇಳುವವರಿಗೆ ಉಂಟು.