ಮೂಸದೆ ಕೊಳ್ಳುವ ಚಹಾ

ಚಹಾ ಮಾರುವ ಅಂಗಡಿಯಲ್ಲಾದರೆ ಗಿರಾಕಿ ಒಂದು ಚಿಟಿಕೆ ಎಲೆಯನ್ನು ಅಂಗೈಗೆ ಹಾಕಿಸಿಕೊಂಡು ಮೂಸಬಹುದು, ಬೆರಳಲ್ಲಿ ಮುರಿದು ನೋಡಬಹುದು. ಜಪಾನಿನ ಹಸಿರು ಚಹಾಗಳಾದ ಸೆಂಚಾವನ್ನೋ ಗ್ಯೊಕುರೊವನ್ನೋ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರಿಗೆ ಸಿಗುವುದು ಒಂದು ಹಚ್ಚಹಸಿರು ಫೋಟೊ, ನಾಲ್ಕು ವಿಶೇಷಣ ಮತ್ತು ಎದೆ ಝಲ್ಲೆನಿಸುವ ಬೆಲೆ. ಜೊತೆಗೆ ಕೈಯಲ್ಲೇ ಮಾಡಿದ ಮಣ್ಣಿನ ಚಹಾ ಗಿಂಡಿಯನ್ನೂ ಕೊಳ್ಳಹೊರಟರೆ ಅಲ್ಲೂ ಇದೇ ಪಾಡು. ಮೂಗು, ನಾಲಿಗೆ, ಕೈ ಮೂರನ್ನೂ ಕಟ್ಟಿಹಾಕಿಕೊಂಡು ಮಾಡುವ ಈ ವ್ಯಾಪಾರ ಜೂಜಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ. ಹಸಿರು ಚಹಾದ ರಸಾಯನಶಾಸ್ತ್ರ ಬೇರೆಯೇ ಮಾತು ಹೇಳುತ್ತದೆ. ಈ ಪಾನೀಯದ ರುಚಿಯನ್ನು ಆಳುವ ಸಂಗತಿಗಳಲ್ಲಿ ಬಹುಪಾಲು ದಿನ, ಗ್ರಾಂ, ಮಿಲಿಲೀಟರ್, ಡಿಗ್ರಿಗಳಲ್ಲಿ ಬರೆದಿಡಬಹುದಾದವು. ಬರೆದದ್ದನ್ನು ಸಾವಿರಾರು ಕಿಲೋಮೀಟರ್ ಆಚೆಯಿಂದಲೂ ಓದಬಹುದು. ವಿಶೇಷಣ ಬಿಟ್ಟು ಅಂಕಿ ಹುಡುಕುವ ರೂಢಿ ನಮಗಿಲ್ಲ, ಅಷ್ಟೆ.

ಮೊದಲು ಎಲೆಯ ವಿಚಾರ. ಕಿತ್ತ ಚಹಾ ಎಲೆಯನ್ನು ಹೊಸೆದು ಹಾಗೇ ಬಿಟ್ಟರೆ ಅದರ ಕಿಣ್ವಗಳು ಗಾಳಿಯ ಆಮ್ಲಜನಕದ ನೆರವಿನಿಂದ ಒಗರು ಕೊಡುವ ಕ್ಯಾಟೆಚಿನ್‌ಗಳನ್ನು ಮಾರ್ಪಡಿಸಿ ಎಲೆಯನ್ನು ಕಪ್ಪಾಗಿಸುತ್ತವೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇಂಥದೇ ಕಿಣ್ವದಿಂದ. ನಮ್ಮ ಮನೆಗಳ ಚಹಾಪುಡಿ ಹೀಗೆ ಪೂರ್ತಿ ಕಪ್ಪಾದದ್ದು. ಜಪಾನಿನಲ್ಲಿ ಎಲೆಯನ್ನು ಕಿತ್ತ ಬೆನ್ನಿಗೇ ಹಬೆಗೆ ಹಿಡಿದು ಕಿಣ್ವದ ಆಟ ನಿಲ್ಲಿಸುತ್ತಾರೆ, ಆಮೇಲೆ ಹೊಸೆದು ಒಣಗಿಸುತ್ತಾರೆ. ಈ ಕ್ರಮವನ್ನು 1738ರಲ್ಲಿ ಹದಕ್ಕೆ ತಂದವನು ಉಜಿ ಸೀಮೆಯ ನಗತಾನಿ ಸೋಯೆನ್ ಎಂಬ ಬೆಳೆಗಾರ. ಕ್ಯಾಟೆಚಿನ್ ಉಳಿಯಿತೆಂದರೆ ಒಗರೂ ಉಳಿಯಿತು. (ಹಸಿರು ಚಹಾದಿಂದ ಕ್ಯಾಟೆಚಿನ್ ಅನ್ನು 1929ರಲ್ಲಿ ಬೇರ್ಪಡಿಸಿದ ಮಿಚಿಯೊ ತ್ಸುಜಿಮುರಾ ಜಪಾನಿನಲ್ಲಿ ಕೃಷಿವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ.) ಈ ಒಗರನ್ನು ತೂಗಿಸುವುದು ಥಿಯನೈನ್ ಎಂಬ ಅಮೈನೊ ಆಮ್ಲ, ಅಣಬೆ ಸಾರಿನಲ್ಲಿರುವಂಥ ತುಂಬು ರುಚಿಗೆ ಅದೂ ಒಂದು ಕಾರಣ. ಅದು ಬೇರಿನಲ್ಲಿ ತಯಾರಾಗಿ ಚಿಗುರಿಗೆ ಏರುತ್ತದೆ, ಬಿಸಿಲು ಬಿದ್ದಾಗ ಒಡೆದು ಕ್ಯಾಟೆಚಿನ್ ತಯಾರಿಗೆ ಒದಗುತ್ತದೆ. ಗ್ಯೊಕುರೊ ತೋಟಕ್ಕೆ ಕೊಯ್ಲಿಗೆ ಮುಂಚೆ ಸುಮಾರು 20 ದಿನ ಚಪ್ಪರ ಹಾಕುವುದು ಈ ಪರಿವರ್ತನೆಯನ್ನು ತಡೆಯಲೆಂದೇ. ಹಾಗಾಗಿ ಕೊಳ್ಳುವವರು ಕೇಳಬೇಕಾದದ್ದು ಎಷ್ಟು ದಿನ ನೆರಳು, ವಸಂತದ ಮೊದಲ ಕೊಯ್ಲೋ ಬೇಸಿಗೆಯ ಎರಡನೆಯದೋ ಎಂದು. ಚಳಿಗಾಲವಿಡೀ ಕೂಡಿಟ್ಟ ಥಿಯನೈನ್ ಮೊದಲ ಚಿಗುರಿಗೇ ಹೆಚ್ಚು ಸಲ್ಲುತ್ತದೆ. ಬಿರುದು ನಂಬಿದರೆ ಸಾಲದು: ಪುಡಿ ಚಹಾವಾದ ಮಾಚಾದ ಡಬ್ಬಿಗಳ ಮೇಲೆ ಮೆರೆಯುವ ‘ಸೆರಿಮೋನಿಯಲ್ ಗ್ರೇಡ್’ ಎಂಬ ಬಿರುದಿಗೆ ಜಪಾನಿನಲ್ಲಿ ಕಾನೂನಿನ ವ್ಯಾಖ್ಯೆಯೇ ಇಲ್ಲ.

ಒಣಗಿದ ಎಲೆಗೆ ತಾರೀಖಿನ ಹಂಗೇಕೆ, ಚಹಾಪುಡಿ ವರ್ಷಗಟ್ಟಲೆ ಕೆಡುವುದಿಲ್ಲವಲ್ಲ ಎನ್ನಬಹುದು. ಚಹಾಪುಡಿ ಆಗಬೇಕಾದ ಬದಲಾವಣೆಯನ್ನು ಬಹುಪಾಲು ಕಾರ್ಖಾನೆಯಲ್ಲೇ ಮುಗಿಸಿ ಬಂದಿರುತ್ತದೆ. ಹಸಿರು ಚಹಾದ್ದು ತಡೆಹಿಡಿದ ಸ್ಥಿತಿ. ಕಿಣ್ವ ಸತ್ತಿದ್ದರೂ ಆಮ್ಲಜನಕ, ಬೆಳಕು, ತೇವ ಸೇರಿ ಕೆಲಸ ಮುಂದುವರಿಸುತ್ತವೆ: ಪತ್ರಹರಿತ್ತು ಮೆಗ್ನೀಸಿಯಂ ಕಳೆದುಕೊಂಡು ಮಾಸಲು ಕಂದಾಗುತ್ತದೆ, ವಿಟಮಿನ್ ಸಿ ಇಳಿಯುತ್ತದೆ, ಎಲೆಯ ಕೊಬ್ಬಿನಂಶ ಹಳಸಿ ಮುಗ್ಗಲು ವಾಸನೆ ಕೊಡುತ್ತದೆ. ಪುಡಿಯಾದ ಮಾಚಾಗೆ ಗಾಳಿ ತಗಲುವ ಮೈ ಹೆಚ್ಚು, ಅದು ಇನ್ನೂ ಬೇಗ ಸೋಲುತ್ತದೆ. ಬಿಸಿ ಏರಿದಷ್ಟೂ ಇದೆಲ್ಲ ಚುರುಕಾಗುತ್ತದೆ. ಹೊಸ ಚಹಾ ಮಾರುಕಟ್ಟೆಗೆ ಬರುವ ಮೇ ತಿಂಗಳಲ್ಲೇ ಕಲಬುರಗಿಯ ಗೋದಾಮು ಕುಲುಮೆಯಾಗಿರುತ್ತದೆಂಬುದನ್ನು ಮರೆಯಬಾರದು. ಕೊಯ್ಲಿನ ವರ್ಷ, ಪ್ಯಾಕ್ ಮಾಡಿದ ದಿನ, ಸಾರಜನಕ ತುಂಬಿದ ಬೆಳ್ಳಿಪೊಟ್ಟಣ ಇವು ಅಂದದ ತಗಡಿನ ಡಬ್ಬಿಗಿಂತ ದೊಡ್ಡವು. ಅರ್ಧ ಕಿಲೊಗೆ ರಿಯಾಯಿತಿ ಇದ್ದರೂ 50 ಗ್ರಾಂ ಪೊಟ್ಟಣವೇ ಜಾಣತನ. ಹುರಿದ ಹೋಜಿಚಾಗೆ ಇಷ್ಟು ಉಪಚಾರ ಬೇಡ.

ಇನ್ನು ಪಾತ್ರೆ. ಥಿಯನೈನ್ ತಣ್ಣೀರಿಗೂ ಇಳಿಯುತ್ತದೆ. ಕೆಫೀನು ಮತ್ತು ಗಡುಸಾದ ಕ್ಯಾಟೆಚಿನ್‌ಗಳು ಚೆನ್ನಾಗಿ ಬಿಡುವುದು ಬಿಸಿನೀರಿಗೆ. ಕುದಿನೀರು ಹೊಯ್ದ ಸೆಂಚಾ ಕಹಿಯಾಗುವುದು, 70ರಿಂದ 80 ಡಿಗ್ರಿಯಲ್ಲಿ ಹಿತವಾಗುವುದು ಇದರಿಂದ. ಗ್ಯೊಕುರೊಗೆ 50-60 ಡಿಗ್ರಿ ಸಾಕು. (ಕೊಳವೆಬಾವಿಯ ಗಡಸು ನೀರು ಬಳಸಿದರೆ ಸುಣ್ಣದಂಶ ಅಡ್ಡ ಬಂದು ಈ ಲೆಕ್ಕಗಳೆಲ್ಲ ಮಂಕಾಗುತ್ತವೆ.) ಕ್ಯೂಸು ಎಂಬ ಜಪಾನಿನ ಚಹಾ ಗಿಂಡಿಗೆ ಮೂತಿ ಮುಂದಿದ್ದರೆ ಹಿಡಿ ಪಕ್ಕಕ್ಕೆ ಚಾಚಿರುತ್ತದೆ. ನೀರಿನ ಬಿಸಿಯಲ್ಲಿ ಅದರ ಮೈಯೂ ಪಾಲು ಕೇಳುತ್ತದೆ: ಸುಟ್ಟ ಮಣ್ಣು ಒಂದು ಡಿಗ್ರಿ ಬಿಸಿಯಾಗಲು ಅದೇ ತೂಕದ ನೀರಿಗೆ ಬೇಕಾದ ಶಾಖದ ಸುಮಾರು ಐದನೇ ಒಂದು ಪಾಲು ಸಾಕು. ಅಂದರೆ 250 ಗ್ರಾಂ ತೂಗುವ ಕ್ಯೂಸು 50 ಗ್ರಾಂ ನೀರಿಗೆ ಸಮ. ಕೋಣೆಯ 25 ಡಿಗ್ರಿಯಲ್ಲಿರುವ ಅದಕ್ಕೆ 80 ಡಿಗ್ರಿಯ 200 ಮಿಲಿಲೀಟರ್ ನೀರು ಸುರಿದರೆ, ಗಾಳಿಗೆ ಹೋಗುವ ಶಾಖವನ್ನು ಬಿಟ್ಟರೂ, ಎರಡೂ ಸೇರಿ ನಿಲ್ಲುವುದು 69 ಡಿಗ್ರಿಯಲ್ಲಿ. ಪಾತ್ರೆ 450 ಗ್ರಾಂ ಆದರೆ 63. ಆರು ಡಿಗ್ರಿಯ ಈ ಅಂತರ ನಾಲಿಗೆಗೆ ಎಟುಕುವಂಥದು. ಆದರೂ ಮಾರಾಟದ ಪುಟದಲ್ಲಿ ಗ್ರಾಹಕರು ಕೊನೆಗೆ ನೋಡುವುದು ತೂಕವನ್ನು!

ಹಾಗಾದರೆ ಮಣ್ಣಿನ ಗುಣಕ್ಕೆ ಬೆಲೆಯೇ ಇಲ್ಲವೇ? ಐಚಿ ಪ್ರಾಂತದ ಟೊಕೊನಾಮೆಯ ಕೆಂಪುಮಣ್ಣಿನ ಕಬ್ಬಿಣ ಒಗರನ್ನು ಹೀರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಕಬ್ಬಿಣದ ಲವಣ ಒಗರಿನ ವಸ್ತುಗಳೊಡನೆ ಕೂಡಿದರೆ ಏನಾಗುತ್ತದೆಂದು ಹಳೆಯ ಕಾಲದ ಶಾಯಿ ತಯಾರಕರಿಗೆ ಗೊತ್ತಿತ್ತು: ಕಡುಗಪ್ಪು. ಪಾತ್ರೆಯಿಂದ ಅಷ್ಟು ಕಬ್ಬಿಣ ಬಿಡುತ್ತಿದ್ದರೆ ಚಹಾ ಮಸಿಯಾಗಬೇಕಿತ್ತು. ಆವಿಗೆಯಲ್ಲಿ ಸಾವಿರ ಡಿಗ್ರಿ ದಾಟಿ ಬೆಂದ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಬಂಧಿಯಾಗಿರುತ್ತದೆ, ಚಹಾ ಅದರೊಳಗಿರುವುದಾದರೂ ಒಂದೆರಡು ನಿಮಿಷ. ಪಾತ್ರೆ ಬದಲಿಸಿದರೆ ರುಚಿ ಬದಲಾಗುವುದು ಅನುಭವಿಗಳ ಭ್ರಮೆಯೆಂದು ನಾನು ಹೇಳುತ್ತಿಲ್ಲ. ಪಾತ್ರೆಯೊಂದಿಗೆ ತೂಕವೂ ಗೋಡೆಯ ದಪ್ಪವೂ ಬದಲಾದವಲ್ಲ. ಉಷ್ಣತೆಯನ್ನು ಸಮಮಾಡಿ ಸವಿಯದ ಹೊರತು ಮಣ್ಣಿಗೆ ಕೀರ್ತಿ ಕೊಡುವುದು ಅವಸರ. ಮಾರುವವರು ಅಂಕಿಯಲ್ಲೂ ಸುಳ್ಳಾಡಬಹುದು, ನಿಜ. ಆದರೆ 250 ಗ್ರಾಂ ಎಂಬ ಸುಳ್ಳನ್ನು ಅಡುಗೆಮನೆಯ ತಕ್ಕಡಿ ಹಿಡಿದುಕೊಡುತ್ತದೆ. ‘ಆತ್ಮವುಳ್ಳ ಮಣ್ಣು’ ಎಂಬುದನ್ನು ತೂಗುವ ತಕ್ಕಡಿ ಇಲ್ಲ.

ಅಂಕಿ ಸೋಲುವ ಜಾಗವೂ ಒಂದಿದೆ, ಅದು ಕುಶಲಕರ್ಮಿಯ ಕೈ. ಟೊಕೊನಾಮೆಯವರು 1878ರಲ್ಲಿ ಚೀನಾದವರೊಬ್ಬರನ್ನು ಕರೆಸಿ ತಿದ್ದಿಕೊಂಡ ಕಸುಬಿದು. ಅಲ್ಲಿಯ ಮೂರನೇ ಯಮದಾ ಜೋಜಾನ್ 1998ರಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ ಎನಿಸಿಕೊಂಡದ್ದು ಕ್ಯೂಸು ಮಾಡಿಯೇ. ಒಳ್ಳೆಯ ಕ್ಯೂಸುವಿನ ಮುಚ್ಚಳ ಬಾಯಿಗೆ ಎಷ್ಟು ಬಿಗಿಯಾಗಿ ಕೂರುತ್ತದೆಂದರೆ, ಅದರ ಸಣ್ಣ ತೂತನ್ನು ಬೆರಳಿಂದ ಮುಚ್ಚಿದರೆ ಮೂತಿಯಿಂದ ನೀರು ಬರುವುದೇ ನಿಲ್ಲುತ್ತದೆ. ಬಗ್ಗಿಸಿದಾಗ ಕೊನೆಯ ಹನಿಯೂ ಇಳಿಯಬೇಕು. ಒಳಗೆ ಉಳಿದ ಬಿಸಿನೀರು ಎಲೆಯಿಂದ ಕಹಿಯನ್ನು ಎಳೆಯುತ್ತಲೇ ಇದ್ದು ಎರಡನೆಯ ಸುತ್ತನ್ನು ಕೆಡಿಸುತ್ತದೆ. ಒಳಗಿನ ಜರಡಿಯ ತೂತುಗಳು, ಮೂತಿಯ ಅಂಚು, ಹಿಡಿಯ ತೂಕ ಇವೆಲ್ಲ ಒಂದಕ್ಕೊಂದು ಹೊಂದಿದವೋ ಇಲ್ಲವೋ ನಿಂತ ಪಾತ್ರೆಯ ಚಿತ್ರದಿಂದ ತಿಳಿಯದು. ನೀರು ತುಂಬಿ ಪೂರ್ತಿ ಬಗ್ಗಿಸುವ ಅರ್ಧ ನಿಮಿಷದ ವಿಡಿಯೊ ಕಳಿಸಿ ಎಂದು ಮಾರುವವರನ್ನು ಕೇಳುವುದರಲ್ಲಿ ಸಂಕೋಚವೇನಿಲ್ಲ.